ಡ್ರಾಗನ್‌ಬಾರ್ನ್ ಯಾವ ಟೈಪ್? ಮೂರು ರೀತಿ ಆಡಿ ನೋಡಿದ ಮೇಲೆ

ಮೈತುಂಬ ಹುರುಪೆ, ಬಾಯಲ್ಲಿ ಬೆಂಕಿ. ಆದರೂ ಡಂಜನ್ಸ್ ಅಂಡ್ ಡ್ರಾಗನ್ಸ್ (ದಾಳ ಉರುಳಿಸಿ, ಒಂದು ಪಾತ್ರವಾಗಿ ಆಡುವ ಆಟ) ಐದನೇ ಆವೃತ್ತಿಯಲ್ಲಿ ಡ್ರಾಗನ್ ವಂಶದ ಜನರಾದ ಡ್ರಾಗನ್‌ಬಾರ್ನ್‌ನ ಕ್ರಿಯೇಚರ್ ಟೈಪ್ (ಯಾವ ಮಂತ್ರ ತಾಗುತ್ತದೆ ಅಂತ ತೀರ್ಮಾನಿಸುವ ಜೀವಿಯ ವರ್ಗ) 'ಹ್ಯೂಮನಾಯ್ಡ್' ಅಂದರೆ ಮನುಷ್ಯನಂಥದ್ದು, 'ಡ್ರಾಗನ್' ಅಲ್ಲ. 2014ರಲ್ಲೂ ಹಾಗೆ, 2024ರ ಪುಸ್ತಕದಲ್ಲೂ ಹಾಗೆ. ಅದು ಡ್ರಾಗನ್ ಆಗಬೇಕಲ್ಲವಾ ಅನ್ನುವ ವಾದ ನಮ್ಮ ಟೇಬಲ್‌ನಲ್ಲಿ ಮುಗಿಯುತ್ತಲೇ ಇರಲಿಲ್ಲ. ಕೊನೆಗೆ ನನ್ನ ಡ್ರಾಗನ್‌ಬಾರ್ನ್ ಪಾತ್ರವಾದ, ಆಯುಧ ಹಿಡಿದು ಕಾದಾಡುವ ಫೈಟರ್‌ನನ್ನೇ ಮೂರು ರೀತಿ ಆಡಿ ನೋಡಿದೆವು.

ಮೊದಲು ಪುಸ್ತಕದಲ್ಲಿ ಇದ್ದ ಹಾಗೆ, ಹ್ಯೂಮನಾಯ್ಡ್ ಆಗಿ. ಫೈಟರ್‌ಗೆ ವಿಸ್ಡಮ್ ಸೇವ್ (ಇಂಥ ಮಂತ್ರ ತಡೆಯಲು ಉರುಳಿಸುವ ದಾಳ) ಕಮ್ಮಿ ಅಲ್ವಾ, ಎದುರಾಳಿ ಮಂತ್ರವಾದಿ ಎರಡನೇ ಲೆವೆಲ್‌ನ ಹೋಲ್ಡ್ ಪರ್ಸನ್ (ಹ್ಯೂಮನಾಯ್ಡ್‌ಗಳನ್ನು ಹಿಡಿದು ನಿಲ್ಲಿಸುವ ಮಂತ್ರ) ಹಾಕಿದ ತಕ್ಷಣ ನಿಂತಲ್ಲೇ ಮರಗಟ್ಟಿದೆ, ಪಕ್ಕದಲ್ಲಿದ್ದವರ ಪ್ರತಿ ಏಟೂ ಕ್ರಿಟಿಕಲ್ (ಮಾಮೂಲಿಗಿಂತ ಜೋರು) ಆಯಿತು. ಬೇಜಾರಾಯಿತು. ಆದರೆ ನಮ್ಮ ಗುಂಪಿನ ಪುರೋಹಿತ ಪಾತ್ರ ಕ್ಲೆರಿಕ್‌ಗೂ ಅದೇ ಅಪಾಯ ಇತ್ತು, ಹಾಗಾಗಿ ಅನ್ಯಾಯ ಅಂತ ಅನ್ನಿಸಲಿಲ್ಲ.

ಆಮೇಲೆ ಪೂರ್ತಿ ಡ್ರಾಗನ್ ಟೈಪ್. ಇಲ್ಲೇ ಆಟ ನಿಜವಾಗಿ ಬದಲಾಗಿದ್ದು. ಹೋಲ್ಡ್ ಪರ್ಸನ್, ಚಾರ್ಮ್ ಪರ್ಸನ್, ಡಾಮಿನೇಟ್ ಪರ್ಸನ್ ಎಲ್ಲ ಹ್ಯೂಮನಾಯ್ಡ್‌ಗೆ ಮಾತ್ರ ತಾಗುವ ಮಂತ್ರಗಳು, ಒಂದೂ ನನ್ನನ್ನು ಮುಟ್ಟಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಬೇಕಾದರೆ ಐದನೇ ಲೆವೆಲ್‌ನ ಹೋಲ್ಡ್ ಮಾನ್‌ಸ್ಟರ್ ಬೇಕು. ಸರಿದೂಗಲಿ ಅಂತ ಡಿಎಂ (ಆಟ ನಡೆಸುವವರು) ಒಬ್ಬ ಶತ್ರುವಿಗೆ ಡ್ರಾಗನ್ ಸ್ಲೇಯರ್ ಕತ್ತಿ ಕೊಟ್ಟರು. ಡ್ರಾಗನ್ ಟೈಪ್‌ನವರಿಗೆ ಅದರಿಂದ 3ಡಿ6 (ಆರು ಮುಖದ ಮೂರು ದಾಳದಷ್ಟು) ಜಾಸ್ತಿ ಏಟು. ಒಂದು ಸಲ ಸತ್ತೂ ಹೋದೆ. ನಮ್ಮ ಗುಂಪಿನ ಮಂತ್ರ ಹಾಕುವ ಪಾತ್ರ ಡ್ರೂಯಿಡ್, ಸತ್ತವರಿಗೆ ಹೊಸ ದೇಹ ಕೊಡುವ ರೀಇನ್‌ಕಾರ್ನೇಟ್ ಹಾಕಲು ಹೋದರೆ ಅದು ಸತ್ತ ಹ್ಯೂಮನಾಯ್ಡ್‌ಗಳಿಗೆ ಮಾತ್ರ! ಆದರೂ ಲೆಕ್ಕ ಹಾಕಿದರೆ ಲಾಭ ನನಗೇ. ಯಾಕಂದರೆ ಹೋಲ್ಡ್ ಪರ್ಸನ್ ಪದೇ ಪದೇ ಬರುತ್ತದೆ, ಡ್ರಾಗನ್ ಸ್ಲೇಯರ್ ಅಪರೂಪ. ಇದೇ ಆಟದ ಹಳೆಯ 3.5 ಆವೃತ್ತಿಯಲ್ಲಿ ಹಾಫ್-ಡ್ರಾಗನ್ ಆದವರ ಟೈಪ್ ಡ್ರಾಗನ್ ಆಗುತ್ತಿತ್ತು, ಪ್ಯಾರಾಲಿಸಿಸ್ಸೂ ಮಂತ್ರದ ನಿದ್ದೆಯೂ ತಾಗುತ್ತಿರಲಿಲ್ಲ. ಆದರೆ ಅದಕ್ಕೆ +3 ಲೆವೆಲ್ ಅಡ್ಜಸ್ಟ್‌ಮೆಂಟ್ (ಪಾತ್ರವನ್ನು ಮೂರು ಲೆವೆಲ್ ಹೆಚ್ಚಿನದೆಂದು ಎಣಿಸುವುದು) ಅನ್ನುವ ಬೆಲೆ ಇತ್ತು. ನಾವು ಯಾವ ಬೆಲೆಯೂ ಇಲ್ಲದೆ ಸುಮ್ನೆ ಕೊಟ್ಟುಬಿಟ್ಟಿದ್ದೆವು.

ಮೂರನೆಯದು ಎರಡೂ ಟೈಪ್ ಒಟ್ಟಿಗೆ. ಇಂಥದ್ದೇ ಇನ್ನೊಂದು ಆಟ ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯಲ್ಲಿ ಒಂದು ಜೀವಿಗೆ ಹಲವು ಟ್ರೇಟ್ (ವರ್ಗದಂಥ ಗುರುತು) ಇರಬಹುದು, ಅಲ್ಲಿಂದ ಬಂದ ಯೋಚನೆ ಇದು. ಹೋಲ್ಡ್ ಪರ್ಸನ್ ತಾಗುತ್ತದೆ, ಡ್ರಾಗನ್ ಸ್ಲೇಯರ್ ಕೂಡ ತಾಗುತ್ತದೆ, ಸತ್ತರೆ ರೀಇನ್‌ಕಾರ್ನೇಟ್ ಆಗುತ್ತದೆ. ನಿಯಮದ ಲೆಕ್ಕದಲ್ಲಿ ಇದು ಮೊದಲನೆಯದಕ್ಕಿಂತ ನಷ್ಟವೇ. ಆದರೂ ನನಗೆ ತುಂಬಾ ಇಷ್ಟವಾಗಿದ್ದು ಇದೇ. ಆ ಕತ್ತಿ ನನ್ನ ಕಡೆ ತಿರುಗಿದಾಗ ನನ್ನ ಪಾತ್ರದ ರಕ್ತಕ್ಕೆ ಒಂದು ಅರ್ಥ ಬಂದ ಹಾಗಾಯಿತು, ಆ ಹೆದರಿಕೆ ಇಲ್ಲದೆ ಡ್ರಾಗನ್ ವಂಶ ಅನ್ನುವುದು ಬರೀ ಬಣ್ಣದ ಮಾತಾಗಿ ಉಳಿಯುತ್ತದೆ.

ಹಲ್ಲಿಯಂಥ ಪುಟ್ಟ ಜೀವಿ ಕೋಬೋಲ್ಡ್ ವಿಷಯ ಬೇರೆ. 2014ರಲ್ಲಿ ಅವು ಹ್ಯೂಮನಾಯ್ಡ್. 2025ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಡ್ರಾಗನ್. ಅಂದರೆ ಬೆಂಕಿ ಉಗುಳುವ ನನ್ನ ಫೈಟರ್ ಹ್ಯೂಮನಾಯ್ಡ್, ಬೆಂಕಿ ಉಗುಳಲಾರದ ಪುಟ್ಟ ಕೋಬೋಲ್ಡ್ ಡ್ರಾಗನ್. ಹೊಸ ಪುಸ್ತಕದಿಂದ ಆಡಿದ ಮೊದಲ ಆಟದಲ್ಲೇ ನಮ್ಮ ವಿಝರ್ಡ್ ಸೆರೆಸಿಕ್ಕ ಕೋಬೋಲ್ಡ್ ಮೇಲೆ ಚಾರ್ಮ್ ಪರ್ಸನ್ ಹಾಕಿ ಒಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕುವ ಅವಕಾಶ) ಕಳೆದುಕೊಂಡರು. ಮೊದಲ ಲೆವೆಲ್‌ನಲ್ಲಿ ಇರುವುದೇ ಎರಡು ಸ್ಲಾಟ್. ಈಗ ನಮ್ಮ ಟೇಬಲ್‌ನಲ್ಲಿ ಕೋಬೋಲ್ಡ್‌ಗೂ ಎರಡೂ ಟೈಪ್.