ಒಂದೇ ಕಾರು, ಎರಡು ಗ್ಯಾರೇಜು: ಹಳೆಯ ಮಿಯಾಟಾಕ್ಕೆ ಶಕ್ತಿಯೋ, ಹಿಡಿತವೋ

"ಭಾವ, ನಿಮ್ಮ ಗಾಡಿಗೆ ದಮ್ಮೇ ಇಲ್ಲ" ಅಂತ ನನ್ನ ಭಾಮೈದ ಹೇಳಿದ್ದರಿಂದ ಇದೆಲ್ಲ ಶುರುವಾಯಿತು. ಹೇಳಿದವನ ಗಾಡಿಗೂ ದಮ್ಮಿರಲಿಲ್ಲ, ಯಾಕೆಂದರೆ ಇಬ್ಬರದೂ ಒಂದೇ ಗಾಡಿ: 1991ರ ಮಾಜ್ದಾ ಎಂಎಕ್ಸ್-5. ಅಮೆರಿಕದವರ ಬಾಯಲ್ಲಿ ಮಿಯಾಟಾ. ನನ್ನದು ಕೆಂಪು, ಅವನದು ನೀಲಿ. 1.6 ಲೀಟರ್ ಎಂಜಿನ್, ಕಾಗದದ ಮೇಲೆ 116 ಅಶ್ವಶಕ್ತಿ, ತೂಕ ಸಾವಿರ ಕಿಲೋ ಆಸುಪಾಸು, ಎಳೆತ ಹಿಂದಿನ ಚಕ್ರಕ್ಕೆ. ನಮ್ಮ ದೇಶದಲ್ಲಿ ಮಾರಾಟಕ್ಕೇ ಬಾರದ ಕಾರು ಇದು. ತೀರ್ಥಹಳ್ಳಿಯಲ್ಲಿ ಬೆಳೆದ ನಾನು ಇದರ ಚಿತ್ರ ನೋಡಿದ್ದು ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದ ಮೇಲೆ ಮಾಡಿದ ಮೊದಲ ತಲೆಕೆಟ್ಟ ಖರ್ಚು ಇದೇ.

ಅವನು ಟರ್ಬೊ ದಾರಿ ಹಿಡಿದ, ಅಂದರೆ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಪು. ನಾನು ಟೈರು, ಶಾಕ್ಸ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಅಂತ ಹೋದೆ. ಆಮೇಲೆ ಬಾಯಿ ಚಪಲ ತಡೆಯಲಾರದೆ, ಟರ್ಬೊದ ಕೆಲಸವನ್ನೇ ಎಂಜಿನ್ನಿನ ಬೆಲ್ಟಿನಿಂದ ಮಾಡುವ ಸೂಪರ್‌ಚಾರ್ಜರನ್ನೂ ಹಾಕಿಸಿದೆ. ನಾಲ್ಕು ವರ್ಷ ಎರಡೂ ಕಾರನ್ನು ಅದಲು ಬದಲು ಮಾಡಿ ಓಡಿಸಿದ್ದೇವೆ. ನಮ್ಮ ಪರೀಕ್ಷೆಯ ಜಾಗ ಎರಡೇ: ಊರಿನ ಪೂರ್ವಕ್ಕಿರುವ ಮೌಂಟ್ ಹ್ಯಾಮಿಲ್ಟನ್ ರಸ್ತೆ, ಇನ್ನೊಂದು ಉತ್ತರದಲ್ಲಿ ವಿಲೋಸ್ ಊರಿನ ಹತ್ತಿರದ ಥಂಡರ್‌ಹಿಲ್ ರೇಸ್ ಟ್ರ್ಯಾಕ್, ಅದರ ಮೂರು ಮೈಲಿಯ ಸುತ್ತು.

ಮೊದಲು ಪುಕ್ಕಟೆ ಸಿಗುವುದರಿಂದ ಶುರು ಮಾಡೋಣ. ಈ ಎಂಜಿನ್ನಿನ ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಕ್ಷಣವನ್ನು, ಕಂಪನಿ 10 ಡಿಗ್ರಿಗೆ ಇಟ್ಟಿರುತ್ತದೆ. ಬಾನೆಟ್ಟಿನ ಕೆಳಗೆ ಡಯಾಗ್ನೋಸ್ಟಿಕ್ ಡಬ್ಬಿಯೊಂದಿದೆ. ಅದರಲ್ಲಿ ಟಿಇಎನ್ ಮತ್ತು ಗ್ರೌಂಡ್ ಎನ್ನುವ ಎರಡು ಕಿಂಡಿಗೂ ಒಂದು ತುಂಡು ತಂತಿ ಸಿಕ್ಕಿಸಿ, ಎಂಜಿನ್ ಹಿಂಬದಿಯ ಕ್ಯಾಮ್ ಆಂಗಲ್ ಸೆನ್ಸರನ್ನು ಕೊಂಚ ತಿರುಗಿಸಿ, ಟೈಮಿಂಗ್ ಲೈಟ್ ಹಿಡಿದು ನೋಡಿದರೆ 14ಕ್ಕೆ ತರಬಹುದು. ಆ ಸೆನ್ಸರಿನ 12 ಎಂಎಂ ಬೋಲ್ಟ್ ಕೈಗೆ ಸಿಗುವ ಜಾಗದಲ್ಲಿಲ್ಲ. ಬೆರಳ ಗಿಣ್ಣು ಸುಲಿಯದೆ ಅದನ್ನು ಬಿಚ್ಚಿದವರನ್ನು ನಾನು ನೋಡಿಲ್ಲ. ಬಿಚ್ಚಿದಾಗ ಅಲ್ಲೇ ಇರುವ ರಬ್ಬರ್ ಓ-ರಿಂಗನ್ನೂ ಬದಲಿಸಿಬಿಡಿ, ಅದು ಗಟ್ಟಿಯಾಗಿ ಎಣ್ಣೆ ಸೋರುತ್ತಿರುತ್ತದೆ. 14 ಡಿಗ್ರಿಗೆ 91 ಆಕ್ಟೇನಿನ ದುಬಾರಿ ಪೆಟ್ರೋಲೇ ಬೇಕು. ಲಾಭವೆಂದರೆ ಕಡಿಮೆ ಆರ್‌ಪಿಎಮ್ಮಿನಲ್ಲಿ ಕಾಲಿಗೆ ಬೇಗ ಓಗೊಡುತ್ತದೆ. ಕ್ಯಾಲಿಫೋರ್ನಿಯಾದ ಸ್ಮಾಗ್ (ಹೊಗೆ ಮಾಲಿನ್ಯ) ತಪಾಸಣೆಯಲ್ಲಿ ಟೈಮಿಂಗನ್ನೂ ನೋಡುತ್ತಾರೆ, ಹಾಗಾಗಿ ನಾನು ಆರು ತಿಂಗಳು ಸವಿದು ಮತ್ತೆ 10ಕ್ಕೇ ಇಟ್ಟೆ.

ಫಿಲ್ಟರ್ ಮತ್ತು ಸೈಲೆನ್ಸರ್ ವಿಷಯ ಹೆಚ್ಚು ಹೇಳುವಂಥದ್ದಲ್ಲ. ಶಂಕುವಿನಾಕಾರದ ಏರ್ ಫಿಲ್ಟರ್ ಹಾಕಿದೆ, ಗದ್ದಲ ಬಂತು, ಪಿಕಪ್ ಬರಲಿಲ್ಲ. 1.6ರಲ್ಲಿ ಗಾಳಿ ಅಳೆಯುವುದೇ ಬಾಗಿಲಿನಂಥ ಒಂದು ರೆಕ್ಕೆ. ಬರುವ ಗಾಳಿ ಅದನ್ನು ತಳ್ಳಿಕೊಂಡೇ ಒಳಹೋಗಬೇಕು. ಅದನ್ನು ಹಾಗೇ ಬಿಟ್ಟು ಮುಂದಿನ ಫಿಲ್ಟರ್ ಬದಲಿಸಿದರೆ ಇಕ್ಕಟ್ಟಿನ ಬಾಗಿಲ ಮುಂದೆ ದೊಡ್ಡ ಚಪ್ಪರ ಹಾಕಿದಂತೆ. ಎಂಜಿನ್ನಿನಿಂದ ಹೊಗೆ ಹೊರತರುವ ಕೊಳವೆಗಳ, ಅಂದರೆ ಎಕ್ಸಾಸ್ಟ್ ಹೆಡರಿನ, ಕಥೆಯೂ ಅಷ್ಟೆ. ಈ ಕಾರಿಗೆ ಕಂಪನಿಯವರೇ ಕೊಳವೆ ಬಾಗಿಸಿ ಬೆಸೆದ ಒಳ್ಳೆಯ ಹೆಡರ್ ಕೊಟ್ಟಿದ್ದಾರೆ, ಶಾಖದ ತಗಡಿನ ಮರೆಯಲ್ಲಿರುವುದರಿಂದ ಯಾರಿಗೂ ಕಾಣುವುದಿಲ್ಲ. ಡೈನೊ (ಚಕ್ರಕ್ಕೆ ತಲುಪುವ ಶಕ್ತಿ ಅಳೆಯುವ ಯಂತ್ರ) ಮೇಲೆ ನಿಲ್ಲಿಸಿದಾಗ ಹಿಂದಿನ ಚಕ್ರದಲ್ಲಿ ಮೊದಲು 94 ಇದ್ದದ್ದು ಫಿಲ್ಟರ್, ಸೈಲೆನ್ಸರ್ ಎಲ್ಲ ಆದ ಮೇಲೆ 99. ಈ 5 ಅಶ್ವಶಕ್ತಿಗೆ ನಾನು ಸುರಿದ ಡಾಲರನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಇನ್ನು ನಿಜವಾದ ಜಗಳಕ್ಕೆ ಬರೋಣ.

ಟೈರು ಮತ್ತು ಶಾಕ್ಸ್. ಕಾರು ಕೊಂಡಾಗ ಅದರಲ್ಲಿದ್ದದ್ದು ಕಂಪನಿ ಅಳತೆಯ 185/60 14 ಇಂಚಿನ ಎಲ್ಲ ಕಾಲದ ಟೈರು, ಎಂಟು ವರ್ಷ ಹಳತು, ರಬ್ಬರು ಒಣಗಿ ಹಪ್ಪಳ. ಶಾಕ್ಸ್‌ನಲ್ಲಿ ಎಣ್ಣೆ ಇತ್ತೋ ಇಲ್ಲವೋ ದೇವರೇ ಬಲ್ಲ. ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ಅಗ್ಗದ, ಗಾಡಿ ತಗ್ಗಿಸುವ ಸ್ಪ್ರಿಂಗ್ ತಂದು ಹಳೆಯ ಶಾಕ್ಸ್ ಮೇಲೆಯೇ ಕೂರಿಸಿದೆ. ಈ ಕಾರಿನ ಸಸ್ಪೆನ್ಷನ್ನಿಗೆ ಮೇಲೆ ಕೆಳಗೆ ಆಡಲು ಜಾಗವೇ ಕಡಿಮೆ. ಒಂದೂವರೆ ಇಂಚು ತಗ್ಗಿಸಿದರೆ ಸಣ್ಣ ಗುಂಡಿಗೂ ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಯ ಮೇಲೆ ಹೋಗಿ ಕೂರುತ್ತದೆ. ಆ ಮೇಲೆ ಸ್ಪ್ರಿಂಗ್ ಇದ್ದೂ ಇಲ್ಲದಂತೆ, ರಬ್ಬರಿನ ಮೇಲೆ ಕುಪ್ಪಳಿಸುವ ಕಪ್ಪೆ. ತಿರುವಿನ ನಡುವೆ ಹೀಗಾದರೆ ಹಿಂಬದಿ ಹೇಳದೆ ಕೇಳದೆ ಜಾರುತ್ತದೆ. ನೋಡಲು ಮಾತ್ರ ಚೆನ್ನಾಗಿತ್ತು.

ಎರಡನೇ ಸಲ ಬುದ್ಧಿ ಬಂದಿತ್ತು. ಕೋನಿಯವರ ಹಳದಿ ಶಾಕ್ಸ್, ಅದಕ್ಕೆ ಹೊಂದುವ ಸ್ಪ್ರಿಂಗ್, ಹೊಸ ಬಂಪ್ ಸ್ಟಾಪ್, 195/50 15 ಇಂಚಿನ ಮೆತ್ತನೆಯ ಟೈರು. ಎತ್ತರವನ್ನು ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ 13 ಇಂಚು ಬರುವಷ್ಟೇ ಇಳಿಸಿದೆ. ನಂತರ ಅಲೈನ್‌ಮೆಂಟ್: ಮುಂದೆ ಒಂದು ಡಿಗ್ರಿಗಿಂತ ತುಸು ಹೆಚ್ಚು ನೆಗೆಟಿವ್ ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲುವುದು), ಹಿಂದೆ ಒಂದೂವರೆ, ಮುಂದಿನ ಟೋ (ಚಕ್ರದ ಮೂಗು ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ, ಹಿಂದಿನದು ಕೂದಲೆಳೆಯಷ್ಟು ಒಳಕ್ಕೆ. ಎಲ್ಲ ಸೇರಿ ಸುಮಾರು 1,900 ಡಾಲರ್. ಥಂಡರ್‌ಹಿಲ್‌ನಲ್ಲಿ ಮೊದಲು 2 ನಿಮಿಷ 28 ಸೆಕೆಂಡ್ ಹಿಡಿಯುತ್ತಿದ್ದ ಸುತ್ತು 2:18ಕ್ಕೆ ಬಂತು. ಆಗಿನ್ನೂ ಎಂಜಿನ್ನಿಗೆ ಒಂದು ಸ್ಪ್ಯಾನರ್ ಕೂಡ ತಾಗಿಸಿರಲಿಲ್ಲ.

ಭಾಮೈದನ ಟರ್ಬೊ ಲೆಕ್ಕ ಬೇರೆ. ಕಿಟ್ಟಿಗೆ ಆದದ್ದಕ್ಕಿಂತ ಅದರ ಹಿಂದೆ ಬಂದ ನೆಂಟರಿಗೆ ಹೆಚ್ಚಾಯಿತು. ಮೂಲ ಕಂಪ್ಯೂಟರಿಗೆ ಟರ್ಬೊ ಒತ್ತಡದ ಗಾಳಿಗೆ ತಕ್ಕ ಪೆಟ್ರೋಲ್ ಕೊಡಲು ಬಾರದು, ಹಾಗಾಗಿ ಮೆಗಾಸ್ಕ್ವರ್ಟ್ ಎಂಬ ಬೇರೆ ಕಂಪ್ಯೂಟರ್. ಅದಕ್ಕೆ ದೊಡ್ಡ ಇಂಜೆಕ್ಟರ್. ಹಿಂದಿನ ಚಕ್ರದಲ್ಲಿ 175 ಅಶ್ವಶಕ್ತಿ ದಾಟಿದೊಡನೆ ಕ್ಲಚ್ ಜಾರತೊಡಗಿತು. ಕ್ಲಚ್ ಗಟ್ಟಿ ಮಾಡಿಸಿದ, ಮೂರು ತಿಂಗಳಿಗೆ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ಮುರಿಯಿತು. 1.6ರ ಡಿಫರೆನ್ಷಿಯಲ್ ಪುಟ್ಟದು, 6 ಇಂಚಿನ ರಿಂಗ್ ಗೇರಿನದು. 1994ರಿಂದ ಬಂದ 1.8ರದ್ದು 7 ಇಂಚು, ಗಟ್ಟಿ. ಅದನ್ನು ತಂದರೆ ಅದರ ಜೊತೆಗೆ ಆಕ್ಸಲ್ಲು, ಪ್ರೊಪೆಲ್ಲರ್ ಶಾಫ್ಟು ಎಲ್ಲ 1.8ರದ್ದೇ ಬೇಕು. ಆಮೇಲೆ ಬಿಸಿ. ಈ ಎಂಜಿನ್ ಮೊದಲು ಅಡ್ಡಡ್ಡ ಕೂರುವ, ಮುಂದಿನ ಚಕ್ರದ ಎಳೆತದ ಕಾರುಗಳಿಗಾಗಿ ಹುಟ್ಟಿದ್ದು. ಮಿಯಾಟಾದಲ್ಲಿ ಉದ್ದಕ್ಕೆ ತಿರುಗಿಸಿ ಕೂರಿಸಿದಾಗ ನೀರು ಹೊರಬೀಳುವ ಬಾಯನ್ನು ಮುಂದಕ್ಕೆ ತಂದರು. ಹೀಗಾಗಿ ಹಿಂದಿನ ಸಿಲಿಂಡರುಗಳ ಹತ್ತಿರ ನೀರಿನ ಓಡಾಟ ಕಡಿಮೆ. ಮಾಮೂಲಿ ಓಡಾಟಕ್ಕೆ ಇದು ತೊಂದರೆಯಲ್ಲ, ಟರ್ಬೊ ಹಾಕಿ ಟ್ರ್ಯಾಕಿಗೆ ಹೋದರೆ ತೊಂದರೆ. ನೀರಿನ ದಾರಿ ಬದಲಿಸಿ, ಅಲ್ಯೂಮಿನಿಯಂ ರೇಡಿಯೇಟರ್ ಹಾಕಿದ. (ನಿಮ್ಮ ಮಿಯಾಟಾ ರೇಡಿಯೇಟರಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಟರ್ಬೊ ಇರಲಿ ಬಿಡಲಿ, ಇವತ್ತೇ ಬದಲಿಸಿ. ಅದು ಬಿರಿಯುವ ಮುನ್ಸೂಚನೆ.)

ಖರ್ಚು ಎಷ್ಟಾಯಿತು ಅಂತ ಕೇಳಿದೆ. "ಭಾವ, ಅಕ್ಕನ ಮುಂದೆ ಕೇಳಬೇಡಿ" ಅಂದ.

ಆದರೆ ಆ ಕಾರು ಓಡಿಸಿದಾಗ ನಗು ತಡೆಯಲಾಗುವುದಿಲ್ಲ, ಅದನ್ನೂ ಹೇಳಬೇಕು. 3,500 ಆರ್‌ಪಿಎಮ್ಮಿನವರೆಗೆ ಹಳೆಯ ಸಾಧು ಮಿಯಾಟಾ. ಅಲ್ಲಿಂದಾಚೆ ಬೆನ್ನಿಗೆ ಯಾರೋ ಗುದ್ದಿದಂತೆ. ಥಂಡರ್‌ಹಿಲ್‌ನ ನೇರ ಹಾದಿಯಲ್ಲಿ ನನ್ನನ್ನು ದಾಟಿ ಹೋಗುವಾಗ ಕೈ ಬೀಸುವ ಅಭ್ಯಾಸ ಅವನಿಗೆ. ಅಷ್ಟಾದರೂ ಆ ಮೊದಲ ಬೇಸಿಗೆಯಲ್ಲಿ ಹಳೆಯ ಟೈರಿನ ಮೇಲೆ ಅವನ ಸುತ್ತು 2:17. ನನ್ನ ಬಡ 94 ಅಶ್ವಶಕ್ತಿಗಿಂತ ಬರೀ ಒಂದು ಸೆಕೆಂಡ್ ಮುಂದೆ. ನೇರ ಹಾದಿಯಲ್ಲಿ ಗಳಿಸಿದ್ದನ್ನೆಲ್ಲ ತಿರುವಿನಲ್ಲಿ ಕಳೆಯುತ್ತಿದ್ದ. ಮುಂದಿನ ವರ್ಷ ನನ್ನ ಥರದ್ದೇ ಟೈರು, ಶಾಕ್ಸ್ ಹಾಕಿಸಿದ ಮೇಲೆ 2:08 ಮಾಡಿದ. ಆಮೇಲೆ ನಾನು ಕೈ ಬೀಸುವುದನ್ನು ನೋಡಿಕೊಂಡಿರಬೇಕಾಯಿತು.

ಇಲ್ಲಿ ಇನ್ನೊಂದು ಮಾತು. ಅವನ ಕಾರು ರಸ್ತೆಗೆ ಇಳಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ನಂತರದ ಬಹುತೇಕ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ತಪಾಸಣೆ. ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇಲ್ಲದ ಟರ್ಬೊ ಕಣ್ಣಿಗೆ ಬಿದ್ದರೆ ಸಾಕು, ಹೊಗೆ ಶುದ್ಧವಿದ್ದರೂ ಫೇಲ್. ಹಾಗಾಗಿ ಅದು ಟ್ರೇಲರ್ ಮೇಲೇರಿ ಟ್ರ್ಯಾಕಿಗೆ ಮಾತ್ರ ಹೋಗುವ ಕಾರು. ನೀವು ಇದನ್ನು ಮಾಡುವ ಮುಂಚೆ ಟ್ರೇಲರ್, ಅದನ್ನು ಎಳೆಯುವ ಟ್ರಕ್ಕು, ಎರಡನ್ನೂ ನಿಲ್ಲಿಸುವ ಜಾಗ, ಇವನ್ನೂ ಟರ್ಬೊ ಲೆಕ್ಕಕ್ಕೇ ಸೇರಿಸಿ.

ಈ ಕಾರಣಕ್ಕೇ ನಾನು ಅನುಮತಿ ಸಂಖ್ಯೆ ಇದ್ದ, ಸೆಕೆಂಡ್ ಹ್ಯಾಂಡ್ ಸೂಪರ್‌ಚಾರ್ಜರ್ ಹುಡುಕಿ 1,800 ಡಾಲರಿಗೆ ತಂದೆ. ಈಟನ್ ಕಂಪನಿಯ ಪುಟ್ಟ ಬ್ಲೋವರ್, ಬೆಲ್ಟಿನಿಂದ ತಿರುಗುತ್ತದೆ, ಒತ್ತಡ 6 ಪಿಎಸ್‌ಐ ಹತ್ತಿರ. ಎರಡು ಶನಿವಾರ ಭಾನುವಾರಗಳಲ್ಲಿ ಕೂರಿಸಿದೆವು. ಡೈನೊದಲ್ಲಿ 134. ಟರ್ಬೊಗೂ ಇದಕ್ಕೂ ವ್ಯತ್ಯಾಸ ಅಂಕಿಯಲ್ಲಿ ತಿಳಿಯುವಂಥದ್ದಲ್ಲ. ಇದಕ್ಕೆ ಕಾಯುವುದು ಗೊತ್ತಿಲ್ಲ. 2,500ರಲ್ಲಿ ಒತ್ತಿದರೂ ಎಳೆಯುತ್ತದೆ, ದೊಡ್ಡ ಎಂಜಿನ್ ಹಾಕಿದಂತೆ. ಊರೊಳಗೆ ಓಡಿಸಲು ಇದಕ್ಕಿಂತ ಹಿತವಾದದ್ದಿಲ್ಲ. ಜೊತೆಗೆ ಮಿಕ್ಸಿಯಲ್ಲಿ ಒಣ ಮೆಣಸಿನಕಾಯಿ ಪುಡಿ ಮಾಡಿದ ಸದ್ದು. ಡಿಫರೆನ್ಷಿಯಲ್ ಮುರಿಯಲಿಲ್ಲ, ಕ್ಲಚ್ ಜಾರಲಿಲ್ಲ.

ಕೊರತೆಯೂ ಇದೆ. ನನ್ನ ಕಿಟ್ಟಿನಲ್ಲಿ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲ. ಬ್ಲೋವರ್ ಗಾಳಿಯನ್ನು ಒತ್ತುವಾಗ ಕಾಯಿಸುತ್ತದೆ, ಕಾದ ಗಾಳಿ ಹಾಗೇ ಎಂಜಿನ್ನಿಗೆ. ಜುಲೈನಲ್ಲಿ ವಿಲೋಸ್‌ನಲ್ಲಿ 40 ಡಿಗ್ರಿ ಬಿಸಿಲು ಅಪರೂಪವಲ್ಲ. ಮೊದಲ ಎರಡು ಸುತ್ತು 2:14, ನಾಲ್ಕನೆಯದಕ್ಕೆ ಗಾಡಿ ಊಟ ಮಾಡಿ ಮಲಗಿದಂತೆ. ಟರ್ಬೊ ಕಾರಿಗೆ ಇಂಟರ್‌ಕೂಲರ್ ಇದ್ದುದರಿಂದ ಅದು ಇಪ್ಪತ್ತು ನಿಮಿಷವೂ ಒಂದೇ ಸಮ ಓಡಿತು. ಟ್ರ್ಯಾಕ್ ಮಾತ್ರ ಲೆಕ್ಕವೆಂದರೆ ಟರ್ಬೊ ಗೆದ್ದಿತು, ಅದರಲ್ಲಿ ಜಗಳವಿಲ್ಲ.

1.8ರ ಎಂಜಿನ್ನನ್ನೇ ಇದರಲ್ಲಿ ಕೂರಿಸಿದ ಕಾರೊಂದನ್ನು ಒಂದು ಮಧ್ಯಾಹ್ನ ಓಡಿಸಿದೆ. ಒಳ್ಳೆಯ ಕಾರು, ಸ್ವಲ್ಪ ಹೆಚ್ಚು ಎಳೆತ, ಒಂದು ರಗಳೆ ಇಲ್ಲ. ನೆನಪಿನಲ್ಲಿ ಉಳಿದದ್ದು ಇಷ್ಟೇ.

ನನ್ನ ಮನಸ್ಸು ತಿರುಗಿದ್ದು ಮೌಂಟ್ ಹ್ಯಾಮಿಲ್ಟನ್ನಿನಲ್ಲಿ. ಬೆಟ್ಟದ ತುದಿಯಲ್ಲಿ ಲಿಕ್ ವೀಕ್ಷಣಾಲಯವಿದೆ. ಅದನ್ನು ಕಟ್ಟುವ ಸಾಮಾನೆಲ್ಲ ಕುದುರೆ ಗಾಡಿಯಲ್ಲಿ ಹತ್ತಬೇಕಿತ್ತು. ಅದಕ್ಕೇ 1876ರಲ್ಲಿ ಮುಗಿದ ಆ ರಸ್ತೆಯನ್ನು ಎಲ್ಲೂ ಕಡಿದಾಗದ ಹಾಗೆ, ಬೆಟ್ಟಕ್ಕೆ ಸುತ್ತಿ ಸುತ್ತಿ ಒಯ್ದಿದ್ದಾರೆ. ಆಗುಂಬೆ ಘಾಟಿಯಂತೆ ಮೂಗಿನ ನೇರಕ್ಕೆ ಏರುವುದಲ್ಲ, ಮೆಲ್ಲಗೆ ಏರುವ ನೂರಾರು ತಿರುವು. ಕುದುರೆಗೆ ಸುಸ್ತಾಗದ ಏರು ಕಾರಿಗೂ ಸುಸ್ತಲ್ಲ, ಅಲ್ಲಿ ಎಂಜಿನ್ನಿಗೆ ಕೆಲಸವೇ ಕಡಿಮೆ. ಬ್ಲೋವರ್ ಇಲ್ಲದಾಗ ಎರಡನೇ ಗೇರಿನಲ್ಲಿ ಎಂಜಿನ್ನನ್ನು ಕೆಂಪು ಗೆರೆಯ ತನಕ ಹಾಡಿಸಿ, ಬ್ರೇಕ್ ಮುಟ್ಟದೆ ಮುಂದಿನ ತಿರುವಿಗೆ ಇಳಿಯುತ್ತಿದ್ದೆ. ಬ್ಲೋವರ್ ಬಂದ ಮೇಲೆ ತಿರುವು ಬೇಗ ಬಂದುಬಿಡುತ್ತಿತ್ತು. ಒತ್ತು, ಬ್ರೇಕು, ಒತ್ತು, ಬ್ರೇಕು. ಮುಂದಿನ ಚಕ್ರದ ಮೇಲೆ ಹೆಚ್ಚು ಭಾರ ಬೇರೆ. ಕಾರು ವೇಗವಾಗಿತ್ತು, ನನಗೆ ಮಾಡಲು ಕೆಲಸ ಉಳಿದಿರಲಿಲ್ಲ.

ಹೋದ ಸಲ ಇಬ್ಬರೂ ಟ್ರ್ಯಾಕಿನಲ್ಲಿ ಕಾರು ಬದಲಿಸಿಕೊಂಡೆವು. ನಾನು ಅವನದರಲ್ಲಿ 2:12, ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಅವನು ನನ್ನದರಲ್ಲಿ 2:15. ಇಳಿದು ಬಂದವನು ಬ್ಲೋವರ್ ಬಗ್ಗೆ ಒಂದು ಮಾತೂ ಆಡಲಿಲ್ಲ. "ಭಾವ, ನಿಮ್ಮ ಗಾಡಿ ತಿರುವಿನಲ್ಲಿ ಮಾತಾಡುತ್ತೆ, ನಂದು ಬರೀ ಕೂಗುತ್ತೆ" ಅಂದ.

ಮುಂದಿನ ತಿಂಗಳು ಬ್ಲೋವರನ್ನು ಕಾಗದ ಪತ್ರದ ಸಮೇತ ಮಾರಿದೆ, 1,700 ಬಂತು. ಹಾಗಾದರೆ ನನ್ನ ತೀರ್ಪು? ಟ್ರೇಲರ್ ಇದ್ದು, ಡಿಫರೆನ್ಷಿಯಲ್ ಬದಲಿಸುವ ಉಮೇದಿದ್ದರೆ ಟರ್ಬೊ. ಆಫೀಸಿಗೆ ಹೋಗುವ ಕಾರೂ ಇದೇ ಆಗಿದ್ದರೆ ಬ್ಲೋವರ್. ಬೆಟ್ಟದ ರಸ್ತೆಗೆ ಟೈರು, ಶಾಕ್ಸ್, ಅಷ್ಟು ಸಾಕು. ಮತ್ತು ಯಾವ ದಾರಿ ಹಿಡಿದರೂ ಅವೇ ಮೊದಲು.

ಮಾರಿದ ದುಡ್ಡು ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳಿಗೆ ಹೋಗಿದೆ. 1991ರ ರಬ್ಬರು ಇನ್ನೂ ಅದರಲ್ಲೇ ಇತ್ತು, ಬಿರುಕು ಬಿಟ್ಟು. ಅಲೈನ್‌ಮೆಂಟ್ ಕೂರಿಸುವ ಕೆಳಗಿನ ವಿಷ್‌ಬೋನಿನ ಬೋಲ್ಟುಗಳಲ್ಲಿ ಎಡಗಡೆ ಹಿಂದಿನ ಎರಡು ಬುಷ್ಷಿನೊಳಗೇ ತುಕ್ಕು ಹಿಡಿದು ಅಂಟಿಕೊಂಡಿವೆ. ಎಣ್ಣೆ ಹಾಕಿ ಆಯಿತು, ಬೆಂಕಿ ತೋರಿಸಿ ಆಯಿತು, ಬೈದೂ ಆಯಿತು. ಕತ್ತರಿಸಿಯೇ ತೆಗೆಯಬೇಕು. ಶನಿವಾರ ಬೆಳಿಗ್ಗೆ ಕಟಿಂಗ್ ಮಶೀನ್ ತರುತ್ತೇನೆ ಅಂತ ಭಾಮೈದ ಹೇಳಿದ್ದಾನೆ, ಅಕ್ಕ ಬಿಸಿಬೇಳೆಬಾತ್ ಮಾಡಬೇಕು ಅನ್ನುವ ಷರತ್ತಿನ ಮೇಲೆ.