ನಿಮ್ಮ ವಿಮಾನದ ಟಿಕೆಟ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ? ಇವತ್ತೇ ನೋಡಿಕೊಳ್ಳಿ

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಹಾರಿ, ಅಲ್ಲಿಂದ ಅದೇ ರಾತ್ರಿ ದುಬೈಗೋ ಮಸ್ಕತ್‌ಗೋ ವಿಮಾನ ಹಿಡಿಯುವ ಲೆಕ್ಕಾಚಾರ ನಿಮ್ಮ ಮನೆಯಲ್ಲಿ ನಡೆದಿದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ಟಿಕೆಟ್ ಮಾಡಿಸಿದ್ದು ಏಜೆಂಟರ ಕೈಲಿ ಎಂದಾದರಂತೂ ಬಿಡಲೇಬೇಡಿ. ನಮ್ಮ ಅವ್ವ ಮಗಳ ಹೆರಿಗೆಗೆ ಮುಟ್ಟಬೇಕಾದವಳು ಮುಟ್ಟಲಿಲ್ಲ. ಅದಕ್ಕೆ ಮಳೆಯಷ್ಟೇ ಕಾರಣವಲ್ಲ. ಟಿಕೆಟ್ಟಿನಲ್ಲಿದ್ದ ಹತ್ತು ಅಂಕಿಯ ಒಂದು ಮೊಬೈಲ್ ನಂಬರ್ ಕಾರಣ.

ನನ್ನ ತಂಗಿ ದುಬೈನಲ್ಲಿದ್ದಾಳೆ. ಎರಡನೇ ಹೆರಿಗೆ, ಮೊದಲನೆಯ ಮಗುವಿಗೆ ನಾಲ್ಕು ವರ್ಷ. ಡಾಕ್ಟರು ಸಿಸೇರಿಯನ್‌ಗೆ ದಿನ ಗೊತ್ತು ಮಾಡಿದ್ದರು, ಬೆಳಗ್ಗೆ ಹತ್ತು ಗಂಟೆಗೆ. ಬಾಣಂತನಕ್ಕೆ ಅವ್ವ ಹೋಗುವುದು ಎಂದು ತೀರ್ಮಾನವಾಗಿತ್ತು. ಎರಡು ದಿನ ಮೊದಲೇ ಕಳಿಸಬೇಕಿತ್ತು, ಅದು ನಮ್ಮ ತಪ್ಪು. "ಮನ್ಯಾಗಿನ ಗಣಪತಿ ಕಳಿಸಿ, ಎಲ್ಲಾ ಹಸನ ಮಾಡಿಟ್ಟ ಹೊಕ್ಕೀನಿ" ಅಂದಳು ಅವ್ವ. ಹಾಗಾಗಿ ಹಿಂದಿನ ರಾತ್ರಿ 11.40ಕ್ಕೆ ಬೆಂಗಳೂರಿನಿಂದ ದುಬೈ ವಿಮಾನ. ಅದಕ್ಕೆ ಸರಿಹೊಂದುವಂತೆ ಮಧ್ಯಾಹ್ನ 4.10ಕ್ಕೆ ಬೆಳಗಾವಿಯಿಂದ ಬೆಂಗಳೂರಿಗೆ. ಅವಳನ್ನು ದೇವನಹಳ್ಳಿಯಲ್ಲಿ ಹತ್ತಿಸಿ ಬರಲು ನಾನೂ ಜೊತೆಗೆ. ಎರಡೂ ಬೇರೆ ಬೇರೆ ಕಂಪನಿಯ ವಿಮಾನ, ಬೇರೆ ಬೇರೆ ಬುಕಿಂಗ್ ನಂಬರ್, ಅಂದರೆ ಪಿಎನ್‌ಆರ್. ನಡುವೆ ಆರು ತಾಸು ಇದೆಯಲ್ಲ ಎಂದು ಎಲ್ಲರೂ ನಿಶ್ಚಿಂತೆಯಾಗಿದ್ದೆವು. ಟಿಕೆಟ್ ಮಾಡಿಕೊಟ್ಟದ್ದು ನಮಗೆ ವರ್ಷಗಳಿಂದ ಗೊತ್ತಿರುವ ಏಜೆಂಟರು.

ಹೊರಡುವ ದಿನ ಜಿಟಿಜಿಟಿ ಮಳೆ. ಬೆಳಗಾವಿಯವರಿಗೆ ಅದು ಹೊಸದಲ್ಲ. ಊರಿಂದ ಸಾಂಬ್ರಾ ವಿಮಾನ ನಿಲ್ದಾಣ ಹತ್ತು ಕಿಲೋಮೀಟರಿನ ಹಾದಿ, ಎರಡು ಗಂಟೆಗೆ ಬಾಗಿಲಲ್ಲಿದ್ದೆವು. ಆ ನಿಲ್ದಾಣದ ಬಗ್ಗೆ ನನಗೆ ದೂರಿಲ್ಲ, ಅಭಿಮಾನವೇ ಇದೆ. 1942ರಲ್ಲಿ ಯುದ್ಧದ ಕಾಲಕ್ಕೆ ಬ್ರಿಟಿಷ್ ವಾಯುಪಡೆ ಕಟ್ಟಿದ ಜಾಗ, 2017ರಲ್ಲಿ ಹೊಸ ಟರ್ಮಿನಲ್ ಆಯಿತು. ಗಾಲಿಕುರ್ಚಿ ತಂದ ಹುಡುಗ ಅವ್ವನನ್ನು ತನ್ನ ಅಜ್ಜಿಯನ್ನು ನೋಡಿಕೊಳ್ಳುವಂತೆ ನೋಡಿಕೊಂಡ.

ಒಳಗೆ ಹೋಗಿ ಬೋರ್ಡ್ ನೋಡಿದರೆ ನಮ್ಮ ವಿಮಾನದ ಎದುರು 7.30 ಎಂದಿತ್ತು.

ಕೌಂಟರಿನವರನ್ನು ಕೇಳಿದೆ. "ಸರ್, ಮುಂಜಾನೆ ಹತ್ತೂ ಐವತ್ತಕ್ಕ ಮೆಸೇಜ್ ಕಳಿಸೀವಲ್ರಿ" ಎಂದರು. ನನಗೆ ಬಂದಿಲ್ಲ, ಅವ್ವನ ಫೋನಿಗೂ ಇಲ್ಲ ಎಂದೆ. ಅವರು ಕಂಪ್ಯೂಟರ್ ನೋಡಿ ನಂಬರಿನ ಕೊನೆಯ ಅಂಕಿಗಳನ್ನು ಓದಿದರು. ನಮ್ಮ ಮನೆಯ ಯಾರ ನಂಬರೂ ಅಲ್ಲ. ಎರಡು ನಿಮಿಷ ತಲೆ ಓಡಲಿಲ್ಲ. ಆಮೇಲೆ ಫೋನ್ ತೆಗೆದು ಏಜೆಂಟರ ನಂಬರ್ ನೋಡಿದೆ. ಅದೇ. ಇಮೇಲ್ ಕೂಡ ಅವರದೇ.

ಬೆಳಗ್ಗೆ 10.50ಕ್ಕೆ ಆ ಮೆಸೇಜು ನನ್ನ ಕೈ ಸೇರಿದ್ದರೆ ಏನಾಗುತ್ತಿತ್ತು ನೋಡಿ. ಹನ್ನೊಂದೂವರೆಗೆ ಕಾರಿನಲ್ಲಿ ಹೊರಟರೆ ಬೆಂಗಳೂರು ಹೆದ್ದಾರಿಯಲ್ಲಿ 500 ಕಿಲೋಮೀಟರ್. ದೇವನಹಳ್ಳಿಗೆ ಹೋಗಲು ಬೆಂಗಳೂರು ಊರೊಳಗೆ ಹೋಗಬೇಕಿಲ್ಲ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ನೇರ ರಸ್ತೆ. ನಡುವೆ ಊಟಕ್ಕೆ ನಿಂತರೂ ಎಂಟೂವರೆ, ಒಂಬತ್ತಕ್ಕೆ ಮುಟ್ಟಿಬಿಡುತ್ತಿದ್ದೆವು. ಎರಡು ಗಂಟೆಗೆ ಗೊತ್ತಾದರೆ ಆ ದಾರಿ ಮುಚ್ಚಿಹೋಗಿತ್ತು. ಅಂತರರಾಷ್ಟ್ರೀಯ ವಿಮಾನದ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚುತ್ತದೆ, ಅಂದರೆ ನಮಗೆ 10.40ರ ಗಡುವು. ಇನ್ನು ಉಳಿದದ್ದು 7.30ರ ವಿಮಾನ ನಂಬುವುದೊಂದೇ.

ಬ್ಯಾಗ್ ಕೊಟ್ಟೆವು. ಸ್ವಲ್ಪ ಹೊತ್ತಿಗೆ ತಪಾಸಣೆಯವರು ಕರೆದರು, ದೊಡ್ಡ ಬ್ಯಾಗ್ ತೆರೆಯಬೇಕಂತೆ. ಅವ್ವ ಹಳೇ ಸೀರೆಯಲ್ಲಿ ಸುತ್ತಿಟ್ಟ ಗಂಟು ಬಿಚ್ಚಿಸಿದರು. ಒಳಗೆ ಐದು ಕೊಬ್ಬರಿ ಬಟ್ಟಲು, ಒಂದರೊಳಗೊಂದು ಕೂಡಿಸಿ, ಮೇಲೆ ಅರಿಶಿನ ಕೊಂಬು, ಉತ್ತತ್ತಿ. ಒಣಕೊಬ್ಬರಿ ಎಣ್ಣೆಯ ಪದಾರ್ಥ, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸಾಮಾನುಗಳ ಸಾಲಿನಲ್ಲಿದೆ, ಬ್ಯಾಗಿನಲ್ಲಿ ಬಿಡುವುದಿಲ್ಲ ಎಂದರು. ನಿಯಮ ನಿಯಮವೇ, ಅವರದು ತಪ್ಪಿಲ್ಲ. "ಉಡಿ ತುಂಬಾಕ ಇಟ್ಟಿದ್ನೋ ತಮ್ಮಾ, ತಿನ್ನಾಕಲ್ಲ" ಎಂದು ಅವ್ವ ಆ ಹುಡುಗನಿಗೇ ಹೇಳಿದಳು. ಅವನು ತಲೆ ತಗ್ಗಿಸಿ ಬಟ್ಟಲುಗಳನ್ನು ತೆಗೆದು ಪಕ್ಕಕ್ಕಿಟ್ಟ. ಬಾಣಂತನಕ್ಕೆ ಹೋಗುವ ತಾಯಂದಿರಿಗೆಲ್ಲ ಇದನ್ನು ಹೇಳಿ: ಒಣಕೊಬ್ಬರಿ ಒಯ್ಯಬೇಡಿ. ಅದಕ್ಕಿಂತ ಮುಖ್ಯ, ದುಬೈ ಕಡೆಗಾದರೆ ಗಸಗಸೆ ಮುಟ್ಟಲೇಬೇಡಿ, ಅಂಟಿನ ಉಂಡಿಯ ಮೇಲೆ ಉದುರಿಸಿದ್ದೂ ಬೇಡ. ಅಲ್ಲಿ ಅದು ಅಮಲು ಪದಾರ್ಥದ ಕಾನೂನಿಗೆ ಬರುತ್ತದೆ, ಒಂದು ಚಿಟಿಕೆಗೂ ಪೊಲೀಸರ ಮುಂದೆ ನಿಲ್ಲಬೇಕಾದೀತು. ತಂಗಿ ಮೊದಲೇ ಹೇಳಿದ್ದರಿಂದ ನಮ್ಮ ಉಂಡಿಯಲ್ಲಿ ಹಾಕಿರಲಿಲ್ಲ.

ಕಾಯುತ್ತ ಕೂತೆವು. ಇಲ್ಲೊಂದು ಸಂಗತಿ ನನಗೆ ತಡವಾಗಿ ತಿಳಿಯಿತು. ಸಣ್ಣ ಊರುಗಳ ವಿಮಾನ ಅಲ್ಲೇ ನಿಂತು ಕಾಯುವುದಿಲ್ಲ. ಒಂದೇ ವಿಮಾನ ಬೆಳಗಿನಿಂದ ಮೂರು ನಾಲ್ಕು ಊರು ಸುತ್ತಿ ಸಂಜೆ ನಮ್ಮಲ್ಲಿಗೆ ಬರುತ್ತದೆ. ಮುಂಜಾನೆ ಇನ್ನೆಲ್ಲೋ ಎರಡು ತಾಸು ತಡವಾದರೆ ಅದು ಊರಿಂದ ಊರಿಗೆ ಬೆಳೆಯುತ್ತ ಬರುತ್ತದೆ. ಸಿಬ್ಬಂದಿಯ ಕೆಲಸದ ತಾಸು ಮುಗಿದರೆ ಆ ದಿನದ ಕೊನೆಯ ಊರಿಗೆ ಕತ್ತರಿ. ದೊಡ್ಡ ನಿಲ್ದಾಣದಲ್ಲಿ ಬದಲಿ ವಿಮಾನವೋ ಮುಂದಿನ ತಾಸಿನ ಇನ್ನೊಂದು ಸೇವೆಯೋ ಸಿಗುತ್ತದೆ. ಇಲ್ಲಿ ನಮ್ಮದು ತಪ್ಪಿದರೆ ಮುಂದಿನದು ನಾಳೆ. ಆದ್ದರಿಂದ ಬೋರ್ಡ್ ನೋಡುತ್ತ ಕೂರಬೇಡಿ. ಫ್ಲೈಟ್‌ರಾಡಾರ್24ರಂಥ ಆ್ಯಪ್‌ನಲ್ಲಿ ನಿಮ್ಮ ವಿಮಾನವಾಗಿ ಬರಬೇಕಾದ್ದು ಈಗ ಎಲ್ಲಿದೆ ಎಂದು ನೋಡಿ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಐದು ಗಂಟೆಗೆ ನನಗೆ ತೋರಿಸಿದಳು: ನಮ್ಮದು ಇನ್ನೂ ಎರಡು ಊರಿನಾಚೆ ನೆಲದ ಮೇಲೇ ನಿಂತಿತ್ತು. ಬೋರ್ಡ್ ಮಾತ್ರ 7.30 ಎನ್ನುತ್ತಿತ್ತು.

ಅದೇ ಸಂಜೆ ಬೇರೆ ಕಂಪನಿಯ ವಿಮಾನವೊಂದು ಅದೇ ಮಳೆಯಲ್ಲಿ ಇಳಿದು, ಜನರನ್ನು ಹತ್ತಿಸಿಕೊಂಡು ಹೋಯಿತು. ಬೋರ್ಡಿನ ಫೋಟೊ ತೆಗೆದಿಟ್ಟೆ. ಇದೊಂದನ್ನು ಸರಿಯಾಗಿ ಮಾಡಿದೆ.

ತಿನ್ನಲು ಏನಾದರೂ ಕೊಡಿ ಎಂದು ನಾವೇ ಕೇಳಬೇಕಾಯಿತು. ಎರಡೂವರೆ ತಾಸಿನೊಳಗಿನ ಹಾರಾಟ ಎರಡು ತಾಸು ತಡವಾದರೆ ತಿಂಡಿ ಕೊಡಬೇಕೆಂದು ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮವಿದೆ, ಅದು ದಾಕ್ಷಿಣ್ಯವಲ್ಲ. ಕೇಳಿದ ಮೇಲೆ ಒಂದು ಡಬ್ಬಿ ಬಂತು. ಅವ್ವನಿಗೆ ಸಕ್ಕರೆ ಕಾಯಿಲೆ, ಅದರಲ್ಲಿದ್ದ ಜ್ಯೂಸು, ಕೇಕು ಅವಳಿಗೆ ಬಾರವು. ಮನೆಯಿಂದ ತಂದ ರೊಟ್ಟಿ, ಶೇಂಗಾ ಹಿಂಡಿ ಇತ್ತು, ಬಚಾವ್.

7.20ಕ್ಕೆ ವಿಮಾನ ರದ್ದು ಎಂದರು.

ಕಾರಣ ಬರೆದುಕೊಡಿ ಎಂದೆ. ಬಾಯಲ್ಲಿ "ಆಪರೇಷನಲ್ ರೀಸನ್" ಎಂದರು, ಬರೆದುಕೊಡಲಿಲ್ಲ, ಇಮೇಲ್‌ಗೆ ಬರುತ್ತದೆ ಎಂದರು. ಯಾರ ಇಮೇಲ್‌ಗೆ? ಏಜೆಂಟರದಕ್ಕೆ. ಕೌಂಟರಿನ ಮೇಲೆ ಒಂದು ಕ್ಯೂಆರ್ ಕೋಡ್ ಅಂಟಿಸಿದ್ದರು. ಅದನ್ನು ಸ್ಕ್ಯಾನ್ ಮಾಡಿ ರೀಫಂಡ್ ಒತ್ತಿ, ಬೇಗ ಆಗುತ್ತದೆ ಎಂದರು. ಗಡಿಬಿಡಿಯಲ್ಲಿ ಒತ್ತಿದೆ. ಒತ್ತುವ ಮುನ್ನ ಯೋಚಿಸಬೇಕಿತ್ತು. ರದ್ದಾದಾಗ ಹಣ ವಾಪಸ್ ಅಥವಾ ಬದಲಿ ವಿಮಾನ, ಎರಡರಲ್ಲಿ ಒಂದನ್ನು ಕೇಳುವ ಹಕ್ಕು ನಮ್ಮದು. ಒಮ್ಮೆ ರೀಫಂಡ್ ಒತ್ತಿದರೆ ಮರುದಿನದ ಸೀಟು ಕೇಳಲು ದಾರಿ ಉಳಿಯುವುದಿಲ್ಲ. ಮತ್ತೆ ಆ ಹಣವೂ ನನ್ನ ಖಾತೆಗೆ ಬರಲಿಲ್ಲ, ಟಿಕೆಟ್ ಕೊಂಡ ಖಾತೆಗೆ, ಅಂದರೆ ಏಜೆಂಟರ ಖಾತೆಗೆ ಹೋಯಿತು. ನಮ್ಮ ಕೈಗೆ ಬರಲು ಐದು ವಾರ ಹಿಡಿಯಿತು, ಅದೂ ಅವರ ಸೇವಾ ಶುಲ್ಕ ಮುರಿದುಕೊಂಡು. ಏಜೆಂಟರಿಂದ ಕೊಂಡರೂ ಹಣ ಹಿಂತಿರುಗಿಸುವ ಹೊಣೆ ವಿಮಾನ ಕಂಪನಿಯದೇ ಎಂದು ನಿಯಮ ಹೇಳುತ್ತದೆ, ಆಗ ನನಗೆ ಗೊತ್ತಿರಲಿಲ್ಲ.

ಈಗ ದುಬೈ ಟಿಕೆಟ್. ಮೊದಲ ವಿಮಾನ ತಪ್ಪಿದ್ದಕ್ಕೂ ಎರಡನೇ ಕಂಪನಿಗೂ ಸಂಬಂಧವೇ ಇಲ್ಲ, ಪಿಎನ್‌ಆರ್ ಬೇರೆ. ಹೊರಡುವ ಮುನ್ನ ತಾರೀಖು ಬದಲಿಸಿದರೆ ಸ್ವಲ್ಪ ದಂಡ, ಬದಲಿಸದಿದ್ದರೆ 'ನೋ ಶೋ', ಅಂದರೆ ವಿಮಾನಕ್ಕೆ ಬಾರದವರ ಲೆಕ್ಕ, ಹೆಚ್ಚುಕಡಿಮೆ ಎಲ್ಲ ಹೋದಂತೆ. ಕಂಪನಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿ, ಕೊನೆಗೆ ಸಿಕ್ಕವರು ಹೇಳಿದ್ದು: ಏಜೆಂಟರ ಮೂಲಕ ಆದ ಟಿಕೆಟ್, ಅವರೇ ಬದಲಿಸಬೇಕು. ಅಷ್ಟರಲ್ಲಿ ಅಂಗಡಿ ಮುಚ್ಚಿತ್ತು, ಅವರ ಫೋನು ಸ್ವಿಚ್ ಆಫ್. ರಾತ್ರಿ 11.40ಕ್ಕೆ ನಮ್ಮ ಮನೆಯ ಪಡಸಾಲೆಯಲ್ಲಿ ಬ್ಯಾಗ್ ಬಿಚ್ಚದೆ ಕೂತಿದ್ದೆವು. 16,800 ರೂಪಾಯಿಯ ಟಿಕೆಟ್‌ನಲ್ಲಿ ಉಳಿದದ್ದು ತೆರಿಗೆ ಮತ್ತು ನಿಲ್ದಾಣದ ಶುಲ್ಕದ ಪಾಲು ಮಾತ್ರ. ನೋ ಶೋ ಆದರೂ ಅದನ್ನು ವಾಪಸ್ ಕೊಡಲೇಬೇಕು, ಆದರೆ ಕೇಳಿದವರಿಗೆ ಮಾತ್ರ ಸಿಗುತ್ತದೆ. ಐದು ಗಂಟೆಗೇ ಆ ಹುಡುಗಿ ತೋರಿಸಿದ್ದನ್ನು ನಂಬಿ ಏಜೆಂಟರಿಗೆ ಫೋನ್ ಮಾಡಿದ್ದರೆ ಆಗ ಅಂಗಡಿ ತೆರೆದಿತ್ತು.

ಮರುದಿನ ನಸುಕಿನಲ್ಲಿ ವಂದೇ ಭಾರತ್ ಹತ್ತಿದೆವು. ಬೆಳಗಾವಿಯಿಂದ ಬೆಳಗಿನ ಜಾವ ಬಿಟ್ಟು ಮಧ್ಯಾಹ್ನ ಬೆಂಗಳೂರು ಮುಟ್ಟಿಸುತ್ತದೆ, 2025ರ ಆಗಸ್ಟ್‌ನಲ್ಲಿ ಶುರುವಾದದ್ದು. ವಾರದಲ್ಲಿ ಒಂದು ದಿನ ಇರುವುದಿಲ್ಲ, ನೋಡಿಕೊಳ್ಳಿ. ಹಿಂದಿನ ದಿನವೇ ಇದರಲ್ಲಿ ಹೋಗಿದ್ದರೆ ಎರಡಕ್ಕೆಲ್ಲ ಬೆಂಗಳೂರಿನಲ್ಲಿದ್ದು, ಮೆಜೆಸ್ಟಿಕ್ಕಿನಿಂದ ವಾಯುವಜ್ರ ಬಸ್ ಹಿಡಿದು ಸಂಜೆಗೇ ನಿಲ್ದಾಣ ಸೇರುತ್ತಿದ್ದೆವು. ರಾತ್ರಿಯ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಇದ್ದೇ ಇದೆ. ದೊಡ್ಡ ವಿಮಾನ ಹಿಡಿಯುವವರಿಗೆ ನನ್ನ ಮಾತು ಇಷ್ಟೇ: ಒಂದೋ ಊರಿಂದ ಕೊನೆಯವರೆಗೂ ಒಂದೇ ಪಿಎನ್‌ಆರ್ ಮಾಡಿಸಿ, ಒಂದು ತುಂಡು ತಪ್ಪಿದರೆ ಮುಂದಿನದನ್ನು ಹೊಂದಿಸುವ ಹೊಣೆ ಅವರ ಮೇಲಿರುತ್ತದೆ. ಇಲ್ಲವೋ ಹಿಂದಿನ ದಿನವೇ ಬೆಂಗಳೂರು ಸೇರಿ.

ತುಮಕೂರು ಹತ್ತಿರ ಬಂದಾಗ ಅಳಿಯನ ಫೋನು ಬಂತು. ಹೆಣ್ಣು ಮಗು, ಇಬ್ಬರೂ ಆರಾಮ. ನಾಲ್ಕು ವರ್ಷದವನನ್ನು ಪಕ್ಕದ ಮನೆಯ ಮಲಯಾಳಿ ಹೆಂಗಸು ನೋಡಿಕೊಂಡರಂತೆ. ಅವ್ವ ಫೋಟೊ ನೋಡಿದಳು, ಸೆರಗಿನಿಂದ ಪರದೆ ಒರೆಸಿ ಮತ್ತೆ ನೋಡಿದಳು. ಕಿಟಕಿಯಾಚೆ ಹಾದಿಯುದ್ದಕ್ಕೂ ತೆಂಗಿನ ತೋಟ. ಏನೂ ಮಾತಾಡಲಿಲ್ಲ. ಹೊಸ ಟಿಕೆಟ್‌ಗೆ 27,400 ಕೊಟ್ಟು ಆ ರಾತ್ರಿ ಕಳಿಸಿದೆ.

ಆಮೇಲೆ ವಿಮಾನ ಪ್ರಯಾಣಿಕರ ದೂರಿಗೆಂದು ಸರ್ಕಾರ ಮಾಡಿರುವ ಏರ್‌ಸೇವಾದಲ್ಲಿ ದೂರು ಹಾಕಿದೆ. ನಮ್ಮಂಥ ಒಂದರಿಂದ ಎರಡು ತಾಸಿನ ಹಾರಾಟವನ್ನು ಮುಂಚೆ ತಿಳಿಸದೆ ರದ್ದು ಮಾಡಿದರೆ 7,500 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಕೂಡಿಸಿದ ಮೊತ್ತ, ಇವುಗಳಲ್ಲಿ ಕಡಿಮೆ ಇರುವಷ್ಟು ಪರಿಹಾರ ಕೊಡಬೇಕು. ಹವಾಮಾನದಂಥ ಕೈಮೀರಿದ ಕಾರಣವಾದರೆ ಕೊಡಬೇಕಿಲ್ಲ. ಪ್ರಯಾಣಿಕರು ಸರಿಯಾದ ಸಂಪರ್ಕ ವಿವರ ಕೊಟ್ಟಿರದಿದ್ದರೂ ಕೊಡಬೇಕಿಲ್ಲ. ಕಂಪನಿಯ ಉತ್ತರದಲ್ಲಿ ಎರಡೂ ಇದ್ದವು: ಹವಾಮಾನ, ಮತ್ತು 'ಟಿಕೆಟ್‌ನಲ್ಲಿರುವ ನಂಬರಿಗೆ ತಿಳಿಸಲಾಗಿದೆ'. ಏಜೆಂಟರನ್ನು ಕೇಳಿದರೆ, ದಿನಕ್ಕೆ ನೂರು ಮೆಸೇಜ್ ಬರುತ್ತವೆ, ಎಲ್ಲಿ ನೋಡಲಿ ಎಂದರು. ಎಲ್ಲರ ಟಿಕೆಟ್‌ಗೂ ತಮ್ಮದೇ ನಂಬರ್ ಹಾಕುವುದು ಅವರ ರೂಢಿಯಂತೆ.

ನಿಮ್ಮ ಟಿಕೆಟ್ ಈಗಾಗಲೇ ಆಗಿದ್ದರೆ ಕಂಪನಿಯ ವೆಬ್‌ಸೈಟಿಗೆ ಹೋಗಿ, ಪಿಎನ್‌ಆರ್ ಮತ್ತು ಹೆಸರು ಹಾಕಿ, ಸಂಪರ್ಕದ ಜಾಗದಲ್ಲಿ ನಿಮ್ಮ ಮೊಬೈಲ್, ಇಮೇಲ್ ಸೇರಿಸಿ. ಅಲ್ಲಿ ಆಗದಿದ್ದರೆ ಕಂಪನಿಗೇ ಫೋನ್ ಮಾಡಿ ಸೇರಿಸಲು ಹೇಳಿ. ವಯಸ್ಸಾದ ಅಪ್ಪ ಅಮ್ಮಂದಿರ ಟಿಕೆಟ್ ಆದರೆ ಫೋನ್ ನೋಡುವ ಮಗನದೋ ಮಗಳದೋ ನಂಬರ್ ಹಾಕಿ. ಹೊರಡುವ ದಿನ ಬೆಳಗ್ಗೆ ಎದ್ದ ಕೂಡಲೇ ವಿಮಾನದ ಸ್ಥಿತಿ ನೀವೇ ನೋಡಿ, ಮೆಸೇಜಿಗೆ ಕಾಯಬೇಡಿ.

ನಾನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ಹಾಕಬಹುದು, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಆ ಸಂಜೆ ಸಾಂಬ್ರಾದಲ್ಲಿ ನಮ್ಮ ಜೊತೆ ಕಾದು ಕೂತಿದ್ದವರು ಇದನ್ನು ಓದುತ್ತಿದ್ದರೆ, ನಿಮಗೆ ಬಂದ ಮೆಸೇಜುಗಳನ್ನು ಅಳಿಸಬೇಡಿ, ಬೋರ್ಡಿಂಗ್ ಪಾಸ್ ಬಿಸಾಡಬೇಡಿ. ಬೋರ್ಡಿನ ಫೋಟೊ ನನ್ನ ಹತ್ತಿರ ಇದೆ, ಬೇಕಾದವರಿಗೆ ಕೊಡುತ್ತೇನೆ.