ಅಮರಿಲ್ಲಿಸ್ ಇಟ್ಟುಕೊಳ್ಳೋದಾ, ಟ್ಯೂಲಿಪ್ಪಾ?

ಮನೆಯೊಳಗೆ ಒಮ್ಮೆ ಹೂ ಬಿಟ್ಟ ಗೆಡ್ಡೆಯನ್ನು ಮತ್ತೆ ಅರಳಿಸಬೇಕು ಅಂತಿದ್ದರೆ, ಚಿಕ್ಕಮಗಳೂರಿನವರಿಗೆ ನಾನು ಹೇಳುವುದು ಅಮರಿಲ್ಲಿಸ್. ದಕ್ಷಿಣ ಅಮೆರಿಕದ ಬೆಚ್ಚನೆ ಸೀಮೆಯ ಗಿಡ, ನಮ್ಮ ಹವೆ ಚೆನ್ನಾಗಿ ಹಿಡಿಸುತ್ತದೆ. ಹೂ ಬಾಡಿದ ಮೇಲೆ ಪೊಳ್ಳು ದಂಟನ್ನು ಮಾತ್ರ ಕತ್ತರಿಸಿ. ರಸ ಒಸರುತ್ತದೆ, ಗಾಬರಿ ಬೇಡ. ಪಟ್ಟಿಯಂಥ ಎಲೆಗಳನ್ನು ಮುಟ್ಟಲೇಬೇಡಿ, ಮುಂದಿನ ಹೂವಿಗೆ ಗೆಡ್ಡೆ ತುಂಬಿಕೊಳ್ಳುವುದು ಅವುಗಳಿಂದಲೇ. ಬಿಸಿಲು, ಗೊಬ್ಬರ ಕೊಡಿ. ಮಳೆಗಾಲದಲ್ಲಿ ಕುಂಡವನ್ನು ಜಗಲಿಗೆ ಎಳೆದುಕೊಳ್ಳಿ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಆಮೇಲೆ ತಂಪು ಜಾಗದಲ್ಲಿಟ್ಟು 8ರಿಂದ 10 ವಾರ ನೀರು ನಿಲ್ಲಿಸಿ. ಮತ್ತೆ ನೀರು ಹಾಕಿದ ಮೇಲೆ ಸಾಮಾನ್ಯವಾಗಿ 6ರಿಂದ 8 ವಾರಕ್ಕೆ ಹೂ.

ಟ್ಯೂಲಿಪ್‌ಗೆ 12ರಿಂದ 16 ವಾರ, 9 ಡಿಗ್ರಿಗಿಂತ ಕಡಿಮೆ ಚಳಿ ಬೇಕು. ನಮ್ಮ ಡಿಸೆಂಬರ್ ಚಳಿ ಎಲ್ಲಿ ಸಾಲುತ್ತೆ? ಫ್ರಿಜ್ಜಲ್ಲಿ ಇಡಬಹುದು. ಆದರೆ ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇದ್ದರೆ ಅವು ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಇಷ್ಟೆಲ್ಲ ಮಾಡಿದರೂ ಎರಡನೇ ಸಲ ಬರೀ ಎಲೆ ಬರುವುದೇ ಜಾಸ್ತಿ. ಟ್ಯೂಲಿಪ್ಪೇ ಬೇಕು ಅಂದರೆ ವರ್ಷವರ್ಷವೂ ಹೊಸ ಗೆಡ್ಡೆ ತನ್ನಿ.

ಇಂಥದ್ದೇ ಇನ್ನೊಂದು ಗೆಡ್ಡೆ ಹೂ ಹಯಸಿಂತ್‌ಗೂ ಚಳಿ ಬೇಕು. ಬರೀ ನೀರಲ್ಲಿ ಬೆಳೆಸಿದ್ದರಂತೂ ಗೆಡ್ಡೆಯ ಶಕ್ತಿ ಮುಗಿದಿರುತ್ತದೆ.

ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಮೂರೂ ಗೆಡ್ಡೆ ಅವಕ್ಕೆ ವಿಷ. ಬಾಯಿಗೆ ಸಿಗದಂತೆ ಮೇಲಿಡಿ.